ಕಳೆದ ಏಳು ದಿನಗಳಲ್ಲಿ ನೀನು ಎಷ್ಟು ಆಡಿದೆ?

ಮೂಲ ಪ್ರಶ್ನಾವಳಿಯಲ್ಲಿ ಆಟಗಳದೊಂದು ಪಟ್ಟಿ ಇತ್ತು. ಮಂಜುಗಡ್ಡೆಯ ಮೇಲೆ ಜಾರುವುದು, ಬೇಸ್‌ಬಾಲ್, ಹುಟ್ಟು ಹಾಕಿ ದೋಣಿ ನಡೆಸುವುದು. ಅಗರಖೇಡದ ಮಕ್ಕಳಿಗೆ ಭೀಮಾ ನದಿಯಾದರೂ ಇದೆ, ಉಳಿದವರು ಹುಟ್ಟನ್ನು ಜೋಳದ ಹೊಲದಲ್ಲಿ ಹಾಕಬೇಕು. ಆ ಪಟ್ಟಿಯನ್ನು ಹೊಡೆದುಹಾಕಿ ಖೋಖೋ, ಕಬಡ್ಡಿ, ಲಗೋರಿ, ಕುಂಟೆಬಿಲ್ಲೆ ಎಂದು ಬರೆದ ದಿನ ಅರ್ಧ ಕೆಲಸ ಮುಗಿಯಿತೆಂದು ಹಿಗ್ಗಿದ್ದೆ. ಅದು ಕೆಲಸದಲ್ಲೇ ಅತಿ ಸುಲಭದ ಭಾಗವಾಗಿತ್ತು.

ಒಂಬತ್ತರಿಂದ ಹದಿಮೂರು ವಯಸ್ಸಿನ ಮಕ್ಕಳು ವಾರದಲ್ಲಿ ಎಷ್ಟು ಮೈ ಆಡಿಸುತ್ತಾರೆ ಎಂದು ಅಳೆಯುವ ಕಾಗದ ಅದು. ಹತ್ತು ಪ್ರಶ್ನೆ, ಒಂದೊಂದಕ್ಕೆ ಐದು ಉತ್ತರ. ಎಲ್ಲ ಪ್ರಶ್ನೆಗಳೂ ‘ಕಳೆದ ಏಳು ದಿನಗಳಲ್ಲಿ’ ಎಂದೇ ಶುರುವಾಗುತ್ತವೆ. ಎಲ್ಲೋ ಚಳಿ ದೇಶದಲ್ಲಿ ಹುಟ್ಟಿದ ಈ ಕಾಗದವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಕ್ಕಳಿಗೆ ಒಗ್ಗಿಸುವುದು ನನ್ನ ಪಿಎಚ್.ಡಿ. ಕೆಲಸ. ನಾನು ಆಗ ದೈಹಿಕ ಶಿಕ್ಷಣದ ಅತಿಥಿ ಉಪನ್ಯಾಸಕಿ. ಖೋಖೋ ಆಡಿ ಬೆಳೆದವಳು, ಮಕ್ಕಳು ಎಷ್ಟು ಓಡುತ್ತಾರೆಂದು ತಿಳಿಯಲು ಐದು ವರ್ಷ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಎರಡು ಸಲ ಅವಧಿ ವಿಸ್ತರಣೆ ಪಡೆದಿದ್ದೆ, ಮೂರನೆಯದು ಇಲ್ಲವೆಂದು ವಿಶ್ವವಿದ್ಯಾಲಯ ಲಿಖಿತವಾಗಿ ತಿಳಿಸಿತ್ತು. ಮಾರ್ಚ್ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ನೋಂದಣಿ ಹೋದರೆ ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ನನ್ನ ಹೆಸರೂ ಇರುವುದಿಲ್ಲ.

ಇಂಥ ಕೆಲಸಕ್ಕೆ ಗೊತ್ತಾದ ಮೆಟ್ಟಿಲುಗಳಿವೆ. ಮೊದಲು ಮೂಲ ಲೇಖಕರ ಅನುಮತಿ. ಅದು ಬಂತು, ಜೊತೆಗೆ ಒಂದು ಷರತ್ತೂ ಬಂತು. ಆಟಗಳ ಪಟ್ಟಿ ಬದಲಿಸಬಹುದು, ಪ್ರಶ್ನೆಗಳ ಸಂಖ್ಯೆಯನ್ನಾಗಲಿ ಐದು ಉತ್ತರಗಳ ಕ್ರಮವನ್ನಾಗಲಿ ಮುಟ್ಟುವಂತಿಲ್ಲ. ಆಮೇಲೆ ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಬೇಕು. ಒಬ್ಬಳು ನಾನು, ಇನ್ನೊಬ್ಬರು ನಮ್ಮ ಕಾಲೇಜಿನ ಕನ್ನಡ ಉಪನ್ಯಾಸಕರು. ಎರಡನ್ನೂ ಬೆರೆಸಿ ಒಂದು ಮಾಡಬೇಕು. ಆ ಒಂದನ್ನು, ಮೂಲವನ್ನು ಕಂಡೇ ಇಲ್ಲದವರೊಬ್ಬರು ಮತ್ತೆ ಇಂಗ್ಲಿಷಿಗೆ ತರಬೇಕು. ಆ ಕೆಲಸವನ್ನು ಸಿಂದಗಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿಕೊಟ್ಟರು. ಅವರ ಇಂಗ್ಲಿಷಿನಲ್ಲಿ ನಮ್ಮ ಮಕ್ಕಳ ಆಟ ಸಾಲದ ಅರ್ಜಿಯಂತೆ ಕಾಣುತ್ತಿತ್ತು, ಆದರೆ ಅರ್ಥ ಕೆಟ್ಟಿರಲಿಲ್ಲ.

ನಂತರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಪ್ರಶ್ನೆ ಓದಿ, ಅವರಿಗೆ ಏನು ತಿಳಿಯಿತೆಂದು ಕೇಳುವ ಹಂತ. ಮುದ್ದೇಬಿಹಾಳ ತಾಲ್ಲೂಕಿನ ಒಂದು ಶಾಲೆಯಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದೇ ಗುರುತು ಹಾಕಿದಳು.

“ಸಾಲಿ ಬಿಟ್ಟ ಮ್ಯಾಲ ಏನೂ ಮಾಡ್ಲಿಲ್ಲೇನವಾ?” ಎಂದೆ.

“ಏನೂ ಆಡಿಲ್ರಿ ಟೀಚರ್. ನಾಕು ಕೊಡ ನೀರ ತಂದೆ, ತಮ್ಮನ್ನ ಎತ್ಕೊಂಡು ಅಡ್ಡಾಡ್ದೆ, ಎಮ್ಮಿ ಹೊಡ್ಕೊಂಡ ಬಂದೆ. ಅಷ್ಟರಿ.”

ಆ ‘ಅಷ್ಟ’ನ್ನು ನಾನು ನನ್ನ ಕಾಗದದ ಪ್ರಕಾರ ಸೊನ್ನೆ ಎಂದು ಬರೆಯಬೇಕಿತ್ತು. ತಜ್ಞರ ಸಮಿತಿಯಲ್ಲಿ ಇದರ ಮೇಲೆ ಎರಡು ಗಂಟೆ ಚರ್ಚೆಯಾಗಿ, ಷರತ್ತಿಗೆ ಧಕ್ಕೆಯಾಗದಂತೆ ಆಟಗಳ ಪಟ್ಟಿಯ ಕೊನೆಗೆ ನೀರು ಹೊರುವುದು, ದನ ಕಾಯುವುದು, ಹೊಲದ ಕೆಲಸ ಎಂಬ ಮೂರು ಸಾಲು ಸೇರಿದವು. ಮೂಲ ಲೇಖಕರು ಒಂದೇ ಸಾಲಿನಲ್ಲಿ ಒಪ್ಪಿದರು. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು.

ಉಳಿದದ್ದು ಕೊನೆಯ ಮೆಟ್ಟಿಲು. ಅದೇ ಮಕ್ಕಳಿಗೆ ಅದೇ ಕಾಗದವನ್ನು ಒಂದು ವಾರ ಬಿಟ್ಟು ಮತ್ತೆ ಕೊಡಬೇಕು. ಮಗುವಿನ ಚಾಳಿ ಒಂದು ವಾರದಲ್ಲಿ ಬದಲಾಗುವುದಿಲ್ಲ, ಆದ್ದರಿಂದ ಎರಡು ಸಲದ ಉತ್ತರಗಳು ಬಹುಮಟ್ಟಿಗೆ ಹೊಂದಬೇಕು. ಎಷ್ಟು ಹೊಂದಿದವು ಎಂಬುದಕ್ಕೆ ಒಂದು ಅಂಕಿ ಬರುತ್ತದೆ. ಒಂದರ ಹತ್ತಿರ ಹೋದಷ್ಟೂ ಕಾಗದ ನಂಬಿಕಸ್ಥ, ಒಂದು ಗೆರೆಗಿಂತ ಕೆಳಗಿಳಿದರೆ ಕಾಗದ ಕಸ. ತಾಲ್ಲೂಕಿಗೆ ಒಂದರಂತೆ ನಾಲ್ಕು ಸರ್ಕಾರಿ ಶಾಲೆ, ಶಾಲೆಗೆ ನಲವತ್ತು ಮಕ್ಕಳು. ಊರುಗಳ ಹೆಸರು ಪ್ರಬಂಧದಲ್ಲೂ ಇಲ್ಲ, ಇಲ್ಲೂ ಬೇಡ.

ಮೊದಲ ಸುತ್ತಿಗೆ ನಾನು ಆರಿಸಿಕೊಂಡದ್ದು ಎಳ್ಳ ಅಮಾವಾಸ್ಯೆಯ ಮರುದಿನದಿಂದ ಶುರುವಾಗುವ ದಿನಗಳನ್ನು. ಆ ಸಲ ಅಮಾವಾಸ್ಯೆ ಗುರುವಾರ ಬಂದಿತ್ತು. ಅಂದು ಶಾಲೆ ಇರುವುದಿಲ್ಲ, ಶುಕ್ರವಾರದಿಂದ ಹೋಗೋಣ ಎಂದಷ್ಟೇ ಲೆಕ್ಕ ಹಾಕಿದ್ದೆ. ಇಂಡಿ ತಾಲ್ಲೂಕಿನ ಶಾಲೆಯಲ್ಲಿ ಮುಖ್ಯಗುರುಗಳು ಬಹಳ ಸಹಕಾರ ಕೊಟ್ಟರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ಮಕ್ಕಳನ್ನು ಸಾಲಾಗಿ ಕೂರಿಸಿ, ಎಲ್ಲರ ಪೆನ್ಸಿಲ್ ಚೂಪಾಗಿದೆಯೇ ಎಂದು ತಾವೇ ನೋಡಿದರು. ಹೊರಡುವಾಗ ನಾನು ಎರಡು ತಪ್ಪು ಮಾಡಿದೆ. ಮುಂದಿನ ವಾರ ಇವೇ ಪ್ರಶ್ನೆಗಳೊಂದಿಗೆ ಮತ್ತೆ ಬರುತ್ತೇನೆ ಎಂದು ಅವರಿಗೆ ಹೇಳಿದೆ. ಬಸ್ಸಿನಲ್ಲಿ ಹೊರೆ ಯಾಕೆಂದು ತುಂಬಿದ ಕಾಗದಗಳ ಕಟ್ಟನ್ನು ಅವರ ಕಪಾಟಿನಲ್ಲೇ ಬಿಟ್ಟು, ಸೋಮವಾರ ಬಂದು ಒಯ್ದೆ.

ಎರಡನೆಯ ಸುತ್ತು ಮುಗಿದು ಅಂಕಿಗಳನ್ನು ತೆಗೆದಾಗ ಮೂರು ಶಾಲೆಗಳದು ಗೆರೆಯಿಂದ ಎಷ್ಟೋ ಕೆಳಗಿತ್ತು. ಇಂಡಿಯ ಶಾಲೆಯದು ಮಾತ್ರ ಒಂದಕ್ಕೆ ಕೂದಲೆಳೆಯಷ್ಟೇ ಕಡಿಮೆ. ನಾಲ್ಕನ್ನೂ ಕೂಡಿಸಿದರೆ ಮೊತ್ತದ ಅಂಕಿ ಹೇಗೋ ಗೆರೆ ದಾಟುತ್ತಿತ್ತು.

ಮಾರ್ಗದರ್ಶಕರು ಸಿಂದಗಿ ಕಡೆಯವರು, ಮಾತು ಕಡಿಮೆ, ಇದ್ದದ್ದು ನೇರ. “ನಾಕೂ ಸಾಲೀದು ಕೂಡಿಸಿ ಬರದ ಮುಗಸವಾ,” ಎಂದರು. “ಎಲ್ಲಾ ಹದಾ ಬರ್ಲಿ ಅಂತ ಕುಂತ್ರ ಯಾರ ಪಿಎಚ್.ಡಿನೂ ಆಗಂಗಿಲ್ಲ.”

ನನಗೆ ಬೇಕಾಗಿದ್ದ ಮಾತು ಅದೇ. ಆ ಭಾನುವಾರ ನಿರಾಳವಾಗಿ ಮನಗೂಳಿಗೆ ಹೋದೆ. ನಮ್ಮದು ಮನಗೂಳಿಯ ಹಳೆಯ ಮುಸ್ಲಿಂ ಮನೆ. ಅಮಾವಾಸ್ಯೆಯ ದಿನ ಪಕ್ಕದ ಹೊಲದವರ ಜೊತೆ ಊಟಕ್ಕೆ ಹೋಗುವುದು ನಮ್ಮಜ್ಜನ ಕಾಲದಿಂದ ತಪ್ಪಿಲ್ಲ. ಆ ವರ್ಷ ಪ್ರಬಂಧದ ನೆಪ ಹೇಳಿ ನಾನೊಬ್ಬಳೇ ತಪ್ಪಿಸಿಕೊಂಡಿದ್ದೆ. ಅಮ್ಮಿ ನನ್ನ ಪಾಲಿನ ಶೇಂಗಾ ಹೋಳಿಗೆ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಮುಂದಿಟ್ಟು, ಅಂದಿನ ಸುದ್ದಿ ಹೇಳತೊಡಗಿದಳು.

“ಎಲ್ಲಾರೂ ನಿನ್ನ ಕೇಳಿದ್ರು. ಹುಡುಗ್ರಂತೂ ಮುಂಜಾನಿಂದ ಹೊತ್ತ ಮುಳಗೂ ತನಕ ನೆಲಕ್ಕ ಕಾಲ ಹಚ್ಚಲಿಲ್ಲ ನೋಡು. ಗಿಡ ಏರೂದೇನು, ಜೋಕಾಲಿ ಆಡೂದೇನು, ಹೊಲದ ತುಂಬಾ ಓಡೂದೇನು. ಮರುದಿನ ಯಾರಿಗೂ ಏಳಾಕ ಆಗಿಲ್ಲ.”

ಹೋಳಿಗೆ ಕೈಯಲ್ಲೇ ಉಳಿಯಿತು. ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳು, ಇಡೀ ಊರು ಮನೆಗೆ ಬೀಗ ಹಾಕಿ ಹೊಲದಲ್ಲಿರುವ ದಿನವನ್ನು ಬರೀ ರಜೆ ಎಂದು ಎಣಿಸಿದ್ದೆ. ಮೊದಲ ಸುತ್ತಿನ ‘ಕಳೆದ ಏಳು ದಿನ’ಗಳಲ್ಲಿ ಅಮಾವಾಸ್ಯೆ ಇತ್ತು, ಎರಡನೆಯ ಸುತ್ತಿನದರಲ್ಲಿ ಇರಲಿಲ್ಲ. ಎರಡೂ ವಾರ ಒಂದೇ ಅಲ್ಲವೇ ಅಲ್ಲ. ಮೂರು ಶಾಲೆಗಳ ಮಕ್ಕಳು ಇದ್ದದ್ದು ಇದ್ದ ಹಾಗೆ ಬರೆದಿದ್ದರು, ಅದಕ್ಕೇ ಅವರ ಅಂಕಿ ಬಿದ್ದಿತ್ತು. ಹಾಗಾದರೆ ಇಂಡಿಯ ಶಾಲೆಯದು ಯಾಕೆ ಬೀಳಲಿಲ್ಲ?

ಅಂದೇ ರಾತ್ರಿ ವಾಪಸು ಬಂದು ಕಾಗದಗಳನ್ನು ಹರಡಿಕೊಂಡು ಕುಳಿತೆ. ವಾರದ ಒಂದೊಂದು ದಿನ ಎಷ್ಟು ಆಡಿದೆ ಎಂದು ಕೇಳುವ ಪ್ರಶ್ನೆ ಒಂದಿದೆ. ಮೊದಲ ಸುತ್ತಿನಲ್ಲಿ ನಾಲ್ಕೂ ಶಾಲೆಗಳಲ್ಲಿ ಗುರುವಾರದ ಮುಂದೆ ‘ಬಹಳ’ ಎಂದಿತ್ತು. ಎರಡನೆಯ ಸುತ್ತಿನಲ್ಲಿ ಮೂರು ಶಾಲೆಗಳ ಗುರುವಾರ ‘ಸ್ವಲ್ಪ’ಕ್ಕೆ, ‘ಇಲ್ಲ’ಕ್ಕೆ ಇಳಿದಿತ್ತು. ಇಂಡಿಯ ನಲವತ್ತು ಮಕ್ಕಳು ಮಾತ್ರ, ಎಂದಿನ ಪಾಠ ನಡೆದ ಮಾಮೂಲಿ ಗುರುವಾರವೂ ‘ಬಹಳ’ ಆಡಿದ್ದರು.

ಮರುದಿನ ಆ ಶಾಲೆಗೆ ಹೋದೆ. ಎರಡನೆಯ ಸುತ್ತಿನ ಮೊದಲು ಮಕ್ಕಳೊಂದಿಗೆ ಏನಾದರೂ ಮಾತಾಡಿದ್ದಿರಾ ಎಂದು ಮುಖ್ಯಗುರುಗಳನ್ನು ಕೇಳಿದೆ. ಅವರ ಮುಖ ಅರಳಿತು.

“ಬರೇ ಮಾತಲ್ರಿ ಮೇಡಮ್ಮರ, ತಯಾರೀನ ಮಾಡ್ಸೀನಿ,” ಎಂದು ಒಬ್ಬ ಹುಡುಗಿಯನ್ನು ಕರೆದರು. “ಹೇಳವಾ, ನಿಂದು ಎಂಟನೇ ಪ್ರಶ್ನೆ.”

ಹುಡುಗಿ ಕೈ ಕಟ್ಟಿ ನಿಂತು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದಳು. “ಶುಕ್ರವಾರ ಸ್ವಲ್ಪ, ಶನಿವಾರ ಸಾಧಾರಣ, ರವಿವಾರ ಇಲ್ಲ, ಸೋಮವಾರ ಸ್ವಲ್ಪ, ಮಂಗಳವಾರ ಸ್ವಲ್ಪ, ಬುಧವಾರ ಇಲ್ಲ, ಗುರುವಾರ ಬಹಳ.”

ಕಪಾಟಿನಲ್ಲಿ ಬಿಟ್ಟಿದ್ದ ಕಟ್ಟನ್ನು ಬಿಚ್ಚಿ, ಪ್ರತಿ ಮಗುವೂ ತನ್ನ ತನ್ನ ಉತ್ತರಗಳನ್ನು ನೋಟುಬುಕ್ಕಿನ ಹಿಂದಿನ ಪುಟಕ್ಕೆ ಇಳಿಸಿಕೊಳ್ಳುವಂತೆ ಮಾಡಿದ್ದರು. ಒಬ್ಬರದನ್ನು ಒಬ್ಬರು ನೋಡಗೊಟ್ಟಿರಲಿಲ್ಲ. ಕಾಪಿ ಹೊಡೆಯುವುದು ಅವರಿಗೆ ಸರಿಬರುವುದಿಲ್ಲ. ಒಂದು ವಾರ ಪ್ರಾರ್ಥನೆಯ ನಂತರ ಬಾಯಿಪಾಠ ಮಾಡಿಸಿದ್ದರು.

“ಯಾಕ್ರಿ ಸರ್ ಹಿಂಗ ಮಾಡಿದ್ರಿ?”

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅಲ್ರಿ, ಹೋದ ವಾರ ಒಂದು, ಈ ವಾರ ಒಂದು ಹೇಳಿದ್ರ, ಈ ಸಾಲಿ ಮಕ್ಳು ಸುಳ್ಳ ಹೇಳ್ತಾವ ಅನ್ನಂಗಿಲ್ಲೇನ್ರಿ ಮ್ಯಾಲಿನವರು? ಒಮ್ಮೆ ಆಡಿದ ಮಾತಿಗೆ ನಿಲ್ಲಬೇಕಲ್ರಿ.”

ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಹಾಯಬೇಕೋ ತಿಳಿಯಲಿಲ್ಲ. ನನ್ನ ಸಂಖ್ಯಾಶಾಸ್ತ್ರವೂ ಅವರ ಹಾಗೆಯೇ ಯೋಚಿಸುತ್ತದೆ. ಎರಡು ಸಲ ಒಂದೇ ಮಾತು ಹೇಳಿದವರು ನಂಬಿಕಸ್ಥರು. ಆ ಪ್ರಕಾರ ನಿಜ ಹೇಳಿದ ನೂರಿಪ್ಪತ್ತು ಮಕ್ಕಳು ಕೆಟ್ಟಿದ್ದರು, ಬಾಯಿಪಾಠ ಮಾಡಿದ ನಲವತ್ತು ಗೆದ್ದಿದ್ದರು. ಕಟ್ಟನ್ನು ಬಿಟ್ಟುಬಂದವಳೂ ನಾನು, ವಾರ ಆರಿಸಿದವಳೂ ನಾನು.

ಎರಡು ದಿನ ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಪ್ರಬಂಧ ಜನವರಿಯಲ್ಲೇ ಮುಗಿಯುತ್ತಿತ್ತು. ಯಾವ ಪರೀಕ್ಷಕನೂ ಇಂಡಿ ತಾಲ್ಲೂಕಿಗೆ ಬಂದು ನೋಟುಬುಕ್ಕಿನ ಹಿಂದಿನ ಪುಟ ತೆರೆಯುವುದಿಲ್ಲ. ಮುಚ್ಚಿಡಲು ನಾನು ಸುಳ್ಳು ಸೃಷ್ಟಿಸಬೇಕಾಗಿಯೂ ಇರಲಿಲ್ಲ, ಬಂದ ಅಂಕಿಯನ್ನು ಬಂದ ಹಾಗೆ ಬರೆದರೆ ಸಾಕಿತ್ತು. ಬರೆಯಲೂ ಶುರು ಮಾಡಿದೆ. ‘ಈ ಪ್ರಶ್ನಾವಳಿಯು ಈ ಭಾಗದ ಮಕ್ಕಳ ಮಟ್ಟಿಗೆ ವಿಶ್ವಾಸಾರ್ಹವಾಗಿದೆ’ ಎಂಬ ವಾಕ್ಯದವರೆಗೆ ಬಂದೆ. ನಾಳೆ ಯಾರೋ ಈ ವಾಕ್ಯವನ್ನು ನಂಬಿ ಈ ಕಾಗದ ಹಿಡಿದು ಮುದ್ದೇಬಿಹಾಳಕ್ಕೆ ಹೋಗುತ್ತಾರೆ, ನಾಲ್ಕು ಕೊಡ ನೀರು ಹೊರುವ ಹುಡುಗಿಯ ಮುಂದೆ ಇಡುತ್ತಾರೆ ಎನ್ನಿಸಿತು. ಅವಳು ಏನು ಬರೆದರೂ ನನ್ನ ಮಾತಿನ ಮೇಲೆ ಅಳೆಯುತ್ತಾರೆ. ಮುಂದಕ್ಕೆ ಬರೆಯಲಾಗಲಿಲ್ಲ.

ಬುಧವಾರ ಮಾರ್ಗದರ್ಶಕರ ಕೋಣೆಗೆ ಹೋಗಿ ಇದ್ದದ್ದೆಲ್ಲ ಹೇಳಿದೆ.

“ಹೇಳಬಾರದಿತ್ತು ನೀ,” ಎಂದರು. “ಹೇಳಿದ ಮ್ಯಾಲ ನಾ ಸಹಿ ಹಾಕಾಂಗಿಲ್ಲ.”

“ಗೊತ್ತೈತ್ರಿ ಸರ್. ಎರಡೂ ಸುತ್ತ ಬಿಟ್ಟು ಮತ್ತ ಮಾಡ್ತೇನಿ.”

“ಮಾರ್ಚಿನೊಳಗ ಆಗ್ತೈತೇನು?”

“ಗೊತ್ತಿಲ್ರಿ.”

ಅವರು ಮೇಜಿನ ಮೇಲಿನ ಕ್ಯಾಲೆಂಡರನ್ನು ನನ್ನ ಕಡೆ ತಿರುಗಿಸಿದರು, ಅಷ್ಟೇ.

ಎರಡು ಮಾಮೂಲಿ ವಾರ ಬೇಕು. ಕೇಳಲು ಸುಲಭ. ನಾಲ್ಕು ತಾಲ್ಲೂಕಿನ ಮುಖ್ಯಗುರುಗಳಿಗೆ ಫೋನು ಮಾಡಿದರೆ ಒಂದು ಊರಲ್ಲಿ ಉರುಸು, ಒಂದು ಊರಲ್ಲಿ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್, ಇನ್ನೊಂದರಲ್ಲಿ ಕ್ಲಸ್ಟರ್ ಮಟ್ಟದ ಸ್ಪರ್ಧೆ, ಮತ್ತೊಂದರಲ್ಲಿ ತೊಗರಿ ರಾಶಿ ನಡೆದು ಅರ್ಧ ತರಗತಿ ಖಾಲಿ. ಏನೂ ನಡೆಯದ ವಾರವೆಂಬುದು ಈ ಸೀಮೆಯಲ್ಲಿ ಎಷ್ಟು ಅಪರೂಪ ಎಂದು ಆಗ ಗೊತ್ತಾಯಿತು. ಕೊನೆಗೆ ಫೆಬ್ರುವರಿಯಲ್ಲಿ ಎರಡು ಬೋಳು ವಾರ ಸಿಕ್ಕವು.

ಇಂಡಿಯ ಶಾಲೆಯನ್ನು ಬಿಟ್ಟು ಬೇರೆ ಶಾಲೆ ಹಿಡಿಯುವಂತೆ ಸಮಿತಿಯವರು ಹೇಳಿದರು. ನಾನು ಬಿಡಲಿಲ್ಲ. ಬಿಟ್ಟರೆ ಆ ಮನುಷ್ಯನಿಗೆ ತಾನೇನು ಮಾಡಿದೆ ಎಂಬುದು ಎಂದಿಗೂ ತಿಳಿಯುವುದಿಲ್ಲ ಎಂಬ ಹಟವೂ ಇತ್ತು. ಹೊಸ ಸುತ್ತಿನ ಮೊದಲು ಅವರ ಕೋಣೆಯಲ್ಲಿ ಕುಳಿತು, ಒಂದು ಪ್ರಶ್ನಾವಳಿ ಅವರ ಮುಂದಿಟ್ಟೆ.

“ಇದನ್ನ ನೀವು ತುಂಬ್ರಿ ಸರ್. ಆಟದ ಬದಲಿ ಅಡ್ಡಾಡೂದು ಅಂತ ಹಿಡೀರಿ. ಈ ವಾರದ್ದು.”

ತುಂಬಿದರು. ಇನ್ನೊಂದು ಕಾಗದ ಕೊಟ್ಟು, ಇದು ಅದರ ಹಿಂದಿನ ವಾರದ್ದು ಎಂದೆ. ಅದನ್ನೂ ತುಂಬಿದರು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಎಲ್ಲಿಯೂ ತಾಳೆಯಾಗುತ್ತಿರಲಿಲ್ಲ.

“ಆ ವಾರ ಬೀಗರು ಬಂದಿದ್ರು, ದಿನಾ ಬಜಾರಕ್ಕ ಹೋಗೂದಿತ್ರಿ,” ಎಂದು ತಾವಾಗಿಯೇ ಹೇಳಿದರು. “ಈ ವಾರ ಮೊಣಕಾಲ ಹಿಡದೈತಿ.”

“ಹಂಗಾರ ಇದರಾಗ ಯಾವುದು ಸುಳ್ಳ್ರಿ ಸರ್?”

ಅವರು ಎರಡೂ ಕಾಗದಗಳನ್ನು ಮತ್ತೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಖ ಇಳಿದುಹೋಯಿತು. “ನೀವು ಇದನ್ನ ಅವತ್ತ ಹೇಳಬೇಕಿತ್ರಿ,” ಎಂದರು. ಅದು ನಿಜ. ಹೇಳಬೇಕಿತ್ತು.

ಹೊಸ ಎರಡೂ ಸುತ್ತಿನ ದಿನ ಅವರು ತರಗತಿಯೊಳಗೆ ಬರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಒಳಗೆ ಇಣುಕಲು ಬಂದ ಸಹಶಿಕ್ಷಕರನ್ನೂ ತಡೆದು ಕೂರಿಸಿದರು. ಎರಡನೆಯ ಸುತ್ತಿಗೆ ಬರುವ ದಿನ ನಾನು ಯಾರಿಗೂ ತಿಳಿಸಿರಲಿಲ್ಲ, ಕಟ್ಟನ್ನು ಎದೆಗವಚಿಕೊಂಡೇ ಬಸ್ ಹತ್ತಿದೆ.

ಹೊಸ ಅಂಕಿ ಬಂತು. ನಾಲ್ಕು ಶಾಲೆಗಳದು ಹೆಚ್ಚುಕಡಿಮೆ ಒಂದೇ ಎತ್ತರ, ಗೆರೆಗೆ ತಲೆ ತಾಗುವಷ್ಟು, ಅದಕ್ಕಿಂತ ಒಂದು ಬೆರಳು ಮೇಲೆ. ಹಿಗ್ಗುವಂಥದ್ದೇನೂ ಅಲ್ಲ. ಕೈಬಿಟ್ಟ ಸುತ್ತಿನ ಕೋಷ್ಟಕವನ್ನೂ, ಅದನ್ನು ಕೈಬಿಟ್ಟ ಕಾರಣವನ್ನೂ ಒಂದು ಪುಟದಲ್ಲಿ ಬರೆದೆ. ಶಾಲೆಗಳಿಗೆ ಅ, ಆ, ಇ, ಈ ಎಂದು ಹೆಸರಿಟ್ಟೆ. ಮಾರ್ಚ್ ಕೊನೆಯ ಶನಿವಾರ, ಕಚೇರಿ ಬಾಗಿಲು ಹಾಕುವ ಮುನ್ನ ಐದು ಪ್ರತಿ ಒಪ್ಪಿಸಿದೆ.

ಮೌಖಿಕ ಪರೀಕ್ಷೆ ಜುಲೈನಲ್ಲಿ ನಡೆಯಿತು. ಅದು ಬಹಿರಂಗ, ಯಾರು ಬೇಕಾದರೂ ಬರಬಹುದು. ಮರ್ಯಾದೆಗೆಂದು ನಾಲ್ಕೂ ಮುಖ್ಯಗುರುಗಳಿಗೆ ಫೋನು ಮಾಡಿದ್ದೆ. ಮೂವರು ಫೋನಿನಲ್ಲೇ ಶುಭ ಕೋರಿದರು. ಇಂಡಿಯವರು ಮೊಣಕಾಲು ಕುಂಟುತ್ತ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

ಹೊರಗಿನ ಪರೀಕ್ಷಕರು ಮೈಸೂರು ಕಡೆಯವರು. ಪ್ರಬಂಧವನ್ನು ಸಾಲು ಬಿಡದೆ ಓದಿಕೊಂಡು ಬಂದಿದ್ದರು. ಅರ್ಧ ಗಂಟೆ ಕಳೆದ ಮೇಲೆ ಆ ಪುಟಕ್ಕೆ ಬಂದರು.

“ಇಲ್ಲಿ ಶಾಲೆ ‘ಇ’ಯಲ್ಲಿ ಉತ್ತರಗಳು ಪೂರ್ತಿ ಅನ್ನುವಷ್ಟು ಹೊಂದಿವೆ. ಎರಡು ಸುತ್ತುಗಳ ನಡುವೆ ಅಭ್ಯಾಸ ಮಾಡಿಸಿದ್ದರಿಂದ ಕೈಬಿಟ್ಟೆ ಅಂತ ಬರೆದಿದ್ದೀರಿ. ಮಾಡಿಸಿದವರು ಯಾರು?”

“ದೋಷ ನನ್ನದು ಸರ್,” ಎಂದೆ. “ಕಾಗದದ ಕಟ್ಟನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೆ.”

“ಅದಲ್ಲಮ್ಮ. ಅಭ್ಯಾಸ ಮಾಡಿಸಿದವರು ಯಾರು ಅಂತ ಕೇಳಿದೆ.”

ಹೇಳಿದರೆ ಒಬ್ಬ ಮನುಷ್ಯನ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಇಡೀ ಪುಟ ಕಟ್ಟುಕಥೆಯಾಗುತ್ತದೆ. ಮಾರ್ಗದರ್ಶಕರು ತಲೆ ತಗ್ಗಿಸಿಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

“ನಾನ್ರಿ,” ಎಂದರು ಮುಖ್ಯಗುರುಗಳು. ಎದ್ದು ನಿಂತಿದ್ದರು. “ಸಾಲಿ ‘ಇ’ ಅಂದ್ರ ನಮ್ದ್ರಿ. ಬಾಯಿಪಾಠ ಮಾಡಿಸಿದಾಂವ ನಾನ. ಈ ಮೇಡಮ್ಮರು ಹೇಳಾಂಗಿಲ್ಲ, ಅದಕ್ಕ ನಾ ಹೇಳಾಕತ್ತೇನಿ.”

ಪರೀಕ್ಷಕರು ಅವರನ್ನು ನೋಡಿದರು. “ಯಾಕೆ ಮಾಡಿಸಿದಿರಿ?”

“ಅಂಜಿ ಮಾಡ್ಸಿದ್ನಿರಿ.”

“ಯಾರಿಗೆ ಅಂಜಿ?”

“ನಿಮ್ಮಂಥೋರಿಗೇರಿ, ಸಾಹೇಬ್ರ.”

ಸಭೆಯಲ್ಲಿ ಕೆಲವರು ನಕ್ಕರು. ಪರೀಕ್ಷಕರು ನಗಲಿಲ್ಲ. “ಕೂತ್ಕೊಳ್ಳಿ ಗುರುಗಳೇ,” ಎಂದರು. ನನಗೆ ಅಳು ಬಂತು. ಆಮೇಲೆ ಅವರು ನನಗೆ ಇನ್ನೂ ಎರಡು ಪ್ರಶ್ನೆ ಕೇಳಿದರು, ಏನು ಉತ್ತರಿಸಿದೆನೋ ನೆನಪಿಲ್ಲ. ಪದವಿ ಕೊಡಬಹುದೆಂದು ಬರೆದು ಸಹಿ ಹಾಕಿದರು.